ಸೀರೆ, ಪಟಾಕಿ, ತಂತಿ: ಹೊಲದಂಚಿನ ಸೋಲುಗಳು

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮುಂಗಾರಿನಲ್ಲಿ ಹೊರಟರೆ ಗೋವಿನಜೋಳದ ಹೊಲಗಳ ಬದುವಿನ ಮೇಲೆ ಹಳೆಯ ಸೀರೆಗಳ ಬೇಲಿ ಕಾಣುತ್ತದೆ. ಖರ್ಚಿಲ್ಲದ ಬೇಲಿ, ಬಡವನ ಕೈಗೆಟುಕುವ ಬೇಲಿ. ಅದಕ್ಕಾಗಿಯೇ ಅದನ್ನು ಹಗುರವಾಗಿ ನೋಡಲು ಮನಸ್ಸು ಬರುವುದಿಲ್ಲ. ಆದರೆ ಕಾಡುಹಂದಿಯ ಕಣ್ಣು ಮಂದ, ಮೂಗು ಬಲು ಚುರುಕು. ಕತ್ತಲಲ್ಲಿ ಬರುವ ಪ್ರಾಣಿಗೆ ಸೀರೆಯ ಬಣ್ಣದಿಂದ ಏನಾದೀತು? ಬಟ್ಟೆಗೆ ಅಂಟಿದ ಮನುಷ್ಯನ ವಾಸನೆ ಕೆಲವು ದಿನ ತಡೆದೀತು. ನಾಲ್ಕು ಮಳೆ ಬಿದ್ದರೆ ಅದೂ ಇಲ್ಲ.

ವಾಸನೆಯನ್ನೇ ನಂಬಿದವರು ಫೋರೇಟ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರು. ಹಂದಿಯ ಮೂಗನ್ನು ಲೆಕ್ಕಕ್ಕೆ ತೆಗೆದುಕೊಂಡ ಉಪಾಯವೇನೋ ಹೌದು. ಆದರೆ ಅದು ಕಟ್ಟುವವರ ಉಸಿರಿಗೂ ನಂಜು. 2020ರ ಕೊನೆಗೆ ಈ ಕೀಟನಾಶಕದ ಬಳಕೆಯನ್ನೇ ದೇಶದಲ್ಲಿ ನಿಲ್ಲಿಸಲಾಯಿತು. ಇನ್ನು ಪಟಾಕಿಯ ಆಯುಷ್ಯ ಬಹಳ ಚಿಕ್ಕದು. ಸದ್ದಾದ ಮೇಲೆ ಏನೂ ಆಗುವುದಿಲ್ಲ ಎಂಬುದನ್ನು ಮಂಗಗಳು ಬೇಗ ಕಲಿಯುತ್ತವೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳನ್ನು ಹೆದರಿಸಲು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ನಕ್ಕವರಿಗೆ ಅದರ ಹಿಂದಿನ ಹತಾಶೆ ಕಾಣಲಿಲ್ಲ.

ಇವೆಲ್ಲ ರೈತ ಒಬ್ಬನೇ ನಿಂತು ಮಾಡಿದ ಪ್ರಯತ್ನಗಳು, ಇವು ಸೋತರೆ ಅವನನ್ನು ದೂರುವಂತಿಲ್ಲ. ನನ್ನ ತಕರಾರು ಇರುವುದು ದೊಡ್ಡ ಮಟ್ಟದ ಸೋಲುಗಳ ಬಗ್ಗೆ. ಪಕ್ಕದ ರಾಣೆಬೆನ್ನೂರನ್ನೇ ನೋಡಿ. 1974ರಲ್ಲಿ 119 ಚದರ ಕಿಲೋಮೀಟರ್ ನೆಲ ಕೃಷ್ಣಮೃಗ ಅಭಯಾರಣ್ಯವಾಯಿತು. ಕೃಷ್ಣಮೃಗ, ನಮ್ಮವರ ಮಾತಿನಲ್ಲಿ ಚಿಗರಿ, ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ಜಾಗ ಬೇಕು, ಮೇಯಲು ಹುಲ್ಲು ಬೇಕು. ನಾವು ಅಲ್ಲಿ ಬೆಳೆಸಿದ್ದು ಮಾತ್ರ ಸಾಲುಸಾಲು ನೀಲಗಿರಿ. ಅದರ ಬುಡದಲ್ಲಿ ಮೇವು ಎಲ್ಲಿಂದ ಬರಬೇಕು? ಹಗಲು ನೆರಳಿಗೆ ನೆಡುತೋಪು, ಹೊಟ್ಟೆಗೆ ಸುತ್ತಲಿನ ಹೊಲ ಎಂಬುದು ಚಿಗರಿಗಳ ದಿನಚರಿಯಾಯಿತು. ಬೇಟೆ ನಿಂತು ಅವುಗಳ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಅದೇ ಹುಲ್ಲುಬಯಲನ್ನು ನಂಬಿದ್ದ ಎರ್ಲಡ್ಡು ಹಕ್ಕಿ ಅಲ್ಲಿಂದ ಮರೆಯಾಯಿತು. ಬಿತ್ತಿದ ಜೋಳ ಎರಡೆಲೆ ಬಿಡುವ ಹೊತ್ತಿಗೆ ಹಿಂಡು ಇಳಿದರೆ ರೈತ ಮತ್ತೆ ಬೀಜ, ಮತ್ತೆ ಗೊಬ್ಬರ ತರಬೇಕು. ಪ್ರಾಣಿಯನ್ನು ಉಳಿಸಿದ ಸರ್ಕಾರ ಅದರ ಮೇವನ್ನು ಉಳಿಸಲಿಲ್ಲ. ಆ ಮೇವಿನ ಖರ್ಚನ್ನು ರೈತನ ತಲೆಗೆ ಕಟ್ಟಿತು. ಇದನ್ನು ವನ್ಯಜೀವಿ ಸಂರಕ್ಷಣೆಯ ಗೆಲುವೆಂದಷ್ಟೇ ಬರೆದು ಮುಗಿಸುವುದು ಅನ್ಯಾಯ.

ಹಾನಗಲ್, ಶಿಗ್ಗಾಂವಿಯ ಕತೆ ಬೇರೆ. ಮುಂಡಗೋಡದ ಕಾಡಿನ ಕಡೆಯಿಂದ, ಭತ್ತ ತೆನೆಗಟ್ಟುವ ಕಾಲಕ್ಕೆ, ಆನೆಗಳು ಇತ್ತ ಬರುತ್ತವೆ. ಸೌರಬೇಲಿಗೆ ಸರ್ಕಾರದ ಸಹಾಯಧನವಿದೆ, ಅದು ಒಳ್ಳೆಯದೇ. ಆದರೆ ದಂತಕ್ಕೆ ವಿದ್ಯುತ್ ತಾಗುವುದಿಲ್ಲವೆಂದು ಕಂಡುಕೊಂಡ ಸಲಗ ದಂತದಿಂದಲೇ ತಂತಿ ಕಿತ್ತು ದಾಟುತ್ತದೆ. ಇನ್ನೊಂದು ಆನೆ ಮರವನ್ನೇ ತಂತಿಯ ಮೇಲೆ ಕೆಡವುತ್ತದೆ. ಬೇಸತ್ತವರು ಕಂಬದಿಂದ ನೇರವಾಗಿ ಕರೆಂಟು ಎಳೆದರೆ ಅದು ಅಪರಾಧ. ಆನೆಯೂ ಸಾಯುತ್ತದೆ, ಮುಂಜಾನೆ ನೀರು ಬಿಡಲು ಬಂದ ಕೂಲಿಯವನೂ ಸಾಯುತ್ತಾನೆ. ಇದನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು.

ಬೇಲಿ ಗಟ್ಟಿಯಾಗಿದ್ದರೂ ಒಂದು ತೊಡಕು ಉಳಿಯುತ್ತದೆ. ಒಬ್ಬನ ಹೊಲಕ್ಕೆ ಹಾಕಿದ ತಂತಿ ಹಂದಿಯನ್ನು ಪಕ್ಕದವನ ಹೊಲಕ್ಕೆ ತಿರುಗಿಸುತ್ತದೆ, ಮತ್ತು ಆ ಪಕ್ಕದವನು ಸಾಮಾನ್ಯವಾಗಿ ತಂತಿ ಹಾಕಲಾರದವನು. ಆಳೆತ್ತರ ಬೆಳೆದು ಹಬ್ಬಿದ ಗೋವಿನಜೋಳವಂತೂ ಹಂದಿಗೆ ತಿನಿಸೂ ಹೌದು, ಅಡಗುತಾಣವೂ ಹೌದು. ಹೊಲವೊಂದನ್ನೇ ಲೆಕ್ಕಕ್ಕೆ ಹಿಡಿದ ಯೋಜನೆ ಯಾವಾಗಲೂ ಹೀಗೆಯೇ ಸೋಲುತ್ತದೆ. ಕಾಡಂಚಿನುದ್ದಕ್ಕೂ ಊರೆಲ್ಲ ಸೇರಿ ಹಾಕಿದ ಬೇಲಿಗೆ ಮಾತ್ರ ಒಂದಿಷ್ಟು ಬಾಳಿಕೆ ಇದೆ.

2026ರ ಮುಂಗಾರಿನಿಂದ ಕಾಡುಪ್ರಾಣಿಗಳ ಹಾನಿಯನ್ನು ಬೆಳೆ ವಿಮೆಯಲ್ಲಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರಲ್ಲಿ ಹೇಳಿದೆ. 72 ಗಂಟೆಗಳೊಳಗೆ ಫೋಟೊ ಸಮೇತ ದೂರು ಕೊಡಬೇಕು. ಇದು ಬೇಕಾಗಿದ್ದ ಹೆಜ್ಜೆ, ಆದರೆ ಪರಿಹಾರ ನಷ್ಟವಾದ ಮೇಲಿನ ಮಾತು. ಅದಕ್ಕೆ ಮೊದಲೇ ಮಾಡಬೇಕಾದ ಸಣ್ಣ ಕೆಲಸವೊಂದಿದೆ. ಸೌರಬೇಲಿ ಹೆಚ್ಚಾಗಿ ಸೋಲುವುದು ಆನೆಯಿಂದಲ್ಲ, ತಂತಿಗೆ ತಾಗುವ ಹುಲ್ಲಿನಿಂದ. ಕರೆಂಟು ಅದರ ಮೂಲಕ ನೆಲಕ್ಕಿಳಿದು ಹೋಗುತ್ತದೆ. ತಂತಿಗೆ ದುಡ್ಡು ಕೊಡುವ ಸರ್ಕಾರ ಆ ಹುಲ್ಲು ಸವರುವ ಕೂಲಿಗೂ, ಬ್ಯಾಟರಿ ಬದಲಿಸುವುದಕ್ಕೂ ಪ್ರತಿ ವರ್ಷ ಪಂಚಾಯಿತಿಯ ಕೈಗೆ ಹಣ ಕೊಡಲಿ.