ಗಡಹಿಂಗ್ಲಜದ ದಾರಿ ಮತ್ತು ನಮ್ಮ ಪ್ರವಾಸ ಸಾಹಿತ್ಯ

1980ರಲ್ಲಿ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷದ ಜ್ಞಾನಪೀಠ ಮಲಯಾಳದ ದೊಡ್ಡ ಸಂಚಾರಿ ಎಸ್.ಕೆ. ಪೊಟ್ಟೆಕ್ಕಾಟರಿಗೆ ಸಂದಿತು (ಕಾದಂಬರಿಗಾಗಿ, ನಿಜ). ಎರಡೂ ಭಾಷೆಗಳಲ್ಲಿ ದೂರದೇಶ ಕಂಡವರಿಗೆ ಮನ್ನಣೆಯಿದೆ. ಪಕ್ಕದ ಜಿಲ್ಲೆಗೆ ಸೈಕಲ್ ತುಳಿದವನ ಬರಹವನ್ನು ಸಾಹಿತ್ಯವೆನ್ನಲು ಮಾತ್ರ ಹಿಂಜರಿಕೆ.

ಸೈಕಲ್ ಬರವಣಿಗೆಯಲ್ಲೂ ತರತಮವುಂಟು. 1923ರಲ್ಲಿ ಮುಂಬಯಿಯಿಂದ ಹೊರಟು ಜಗತ್ತು ಸುತ್ತಿ 1928ರಲ್ಲಿ ಮರಳಿದ ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಅವರದು ಸಾಹಸದ ವೃತ್ತಾಂತ. ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬರೇ ತುಳಿಯುತ್ತ ಭಾರತಕ್ಕೆ ಬಂದರು. 1965ರ ಅವರ ‘ಫುಲ್ ಟಿಲ್ಟ್’ನಲ್ಲಿ ಮೈಲಿಗಿಂತ ಮುಖ್ಯವಾದವರು ರಾತ್ರಿ ತಂಗಲು ಜಾಗ ಕೊಟ್ಟವರು. ನನ್ನ ಮತ ಮರ್ಫಿಗೆ.

ಈ ಅಳತೆಗೋಲನ್ನು ಕೊಲ್ಹಾಪುರದ ರಸ್ತೆಗೆ ಹಿಡಿದು ನೋಡೋಣ. ಇಚಲಕರಂಜಿಯ ಕಡೆ ಪಂಚಗಂಗೆಯ ಬಯಲು; ಕಬ್ಬು ಮುಗಿದರೆ ಮಗ್ಗದ ಸದ್ದು. ಕಾಲಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ದಕ್ಷಿಣದ ದಾರಿ ಬೇರೆ. ಗಡಹಿಂಗ್ಲಜ ಕೊಲ್ಹಾಪುರ ಜಿಲ್ಲೆಯದೇ ತಾಲೂಕು. ಆದರೆ ಹೆದ್ದಾರಿ ಹಿಡಿದವನು ಕಾಗಲ್ ದಾಟಿ ಕರ್ನಾಟಕ ಹೊಕ್ಕು, ನಿಪ್ಪಾಣಿ, ತವಂದಿ ಘಾಟು, ಸಂಕೇಶ್ವರ ಕಳೆದು ಮತ್ತೆ ಮಹಾರಾಷ್ಟ್ರಕ್ಕೆ ಬರಬೇಕು. ಒಂದೇ ಜಿಲ್ಲೆಯೊಳಗಿನ ಪಯಣಕ್ಕೆ ರಾಜ್ಯದ ಗಡಿ ಎರಡು ಸಲ! ಬಸ್ಸಿನಲ್ಲಿ ಕುಳಿತವನಿಗೆ ಅದು ಎರಡು ಫಲಕ, ಅಷ್ಟೆ. ಸೈಕಲ್ಲಿನವನು ಘಾಟಿನಲ್ಲಿ ಇಳಿದು ತಳ್ಳುತ್ತಾನೆ, ಬಾಯಾರಿ ನೀರು ಕೇಳುತ್ತಾನೆ, ಯಾವ ಭಾಷೆಯಲ್ಲಿ ಕೇಳಲೆಂದು ಒಂದು ಕ್ಷಣ ತಡೆಯುತ್ತಾನೆ. ಬರೆಯಬೇಕಾದದ್ದು ಆ ತಡವರಿಕೆಯನ್ನು. ಸಂಕೇಶ್ವರದಿಂದ ಮುಂದೆ ಹಿರಣ್ಯಕೇಶಿಗೆ ಎದುರಾಗಿ ಆಜರಾ, ಅಂಬೋಲಿಯವರೆಗೆ ಏರುತ್ತ ಹೋಗಬಹುದು. ಹೊಳೆ ಅಲ್ಲಿ ಹುಟ್ಟಿ, ಗಡಿಯನ್ನು ಲೆಕ್ಕಿಸದೆ ಇಳಿದು ಘಟಪ್ರಭೆ ಸೇರುತ್ತದೆ.

ಗಡಿಯ ಬಗ್ಗೆ ನಾವು ಬರೆದದ್ದು ಬಹುಪಾಲು 1956ರ ವಿಂಗಡಣೆ, 1967ರ ಮಹಾಜನ ವರದಿಗಳಲ್ಲೇ ನಿಂತಿದೆ. ಚಂದ್ರಗಿರಿಯ ಉತ್ತರದವರಾದ ನಮಗೆ ಅದರ ಕಾರಣ ಹೇಳಬೇಕಿಲ್ಲ. ವರದಿ ಶಿಫಾರಸು ಮಾಡಿತು, ಜಾರಿಗೆ ಬರಲಿಲ್ಲ. ಹಕ್ಕಿನ ಮಾತು ಬೇಕೇ ಬೇಕು. ಆದರೆ ಅದೊಂದೇ ಆದರೆ ಗಡಹಿಂಗ್ಲಜ ಸೀಮೆಯ ಕನ್ನಡದ ಮನೆ ಜನಗಣತಿಯ ಅಂಕಿಯಾಗಿ ಉಳಿಯುತ್ತದೆ, ನಮ್ಮ ಮನೆಗಳ ಹಾಗೆಯೇ.

ಹಾಗೆಂದು ಸೈಕಲ್ ಏರಿದವರೆಲ್ಲ ಕಾಣುತ್ತಾರೆಂದಲ್ಲ. ಮರ್ಫಿಯಲ್ಲೂ ನನಗೊಂದು ಅತೃಪ್ತಿಯಿದೆ: ಆತಿಥ್ಯ ಉಂಡು ಬೆಳಿಗ್ಗೆ ಮುಂದಕ್ಕೆ ಹೊರಟೇಬಿಡುತ್ತಾರೆ. ಆ ಮನೆಯ ಮಗು ಶಾಲೆಯಲ್ಲಿ ಯಾವ ಲಿಪಿ ಕಲಿಯುತ್ತದೆ, ಅಜ್ಜಿಯ ಮಾತು ಅದಕ್ಕೆ ಎಷ್ಟು ಅರ್ಥವಾಗುತ್ತದೆ ಎಂಬುದು ಒಂದು ರಾತ್ರಿಯಲ್ಲಿ ತಿಳಿಯುವುದಿಲ್ಲ. ಗಡಹಿಂಗ್ಲಜದ ಬಗ್ಗೆ ಬರೆಯುವವನು ಅದೇ ದಾರಿಯನ್ನು ನಾಲ್ಕಾರು ಸಲ ತುಳಿಯಬೇಕಾದೀತು.