ಪೊರೆಯೊಳಗಿನ ಕರುಳು

ಎಕ್ಸ್‌ರೇ, ಸಿ.ಟಿ. ಫಿಲಂ ಓದುವ ಹುಚ್ಚು ಹತ್ತಿದವರಿಗೆ ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಸರ್ಜನ್ನರು ಸೇರಿ ಕೇಸು ಚರ್ಚಿಸುವ ಸಂಜೆಯೆಂದರೆ ಹಬ್ಬ. ಪರದೆ ಮೇಲೆ ಫಿಲಂ ಹಾಕಿ 'ಏನಿದು, ಹೇಳಿ' ಎಂದು ಕೂತುಬಿಡುತ್ತಾರೆ.

ಅಲ್ಲಿ ಬರುವ ಕೇಸಿನಲ್ಲಿ ಕರುಳು ಕಟ್ಟಿದೆ ಎನ್ನಲು ಪಾಂಡಿತ್ಯ ಬೇಡ. ಬಿಟ್ಟುಬಿಟ್ಟು ಹಿಂಡುವ ನೋವು, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಗಾಳಿಯೂ ಹೋಗದ ಸಂಕಟ; ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಮೆಟ್ಟಿಲಾಗಿ ನಿಂತ ಗಾಳಿ-ನೀರಿನ ಗೆರೆಗಳು. ಯಾಕೆ ಕಟ್ಟಿತು ಎನ್ನುವಲ್ಲಿದೆ ರುಚಿ. ಹಿಂದೊಮ್ಮೆ ಆಪರೇಷನ್ ಆಗಿದ್ದರೆ ಒಳಗಿನ ಅಂಟು. ಇಲ್ಲವಾದರೆ ಹರ್ನಿಯಾ, ಗಡ್ಡೆ, ನಮ್ಮ ಕಡೆ ಕ್ಷಯ. ಇವು ಯಾವುವೂ ಹೊಂದದೆ, 'ಹಿಂದೆಯೂ ಹೀಗಾಗಿ ತಾನಾಗಿ ಕಡಿಮೆಯಾಗಿತ್ತು' ಎಂದು ರೋಗಿ ಹೇಳಿದರೆ ನನ್ನ ಕಿವಿ ನಿಮಿರುತ್ತದೆ.

ಅಂಥವರಲ್ಲಿ ಕೆಲವರಿಗೆ ಸಣ್ಣ ಕರುಳಿನ ಸುರುಳಿಗಳೆಲ್ಲ ಹೊಟ್ಟೆಯ ನಡುವೆ ಒತ್ತಾಗಿ ಸೇರಿಕೊಂಡು, ಸುತ್ತ ದಪ್ಪ ಬಿಳಿ ಪೊರೆ ಕಟ್ಟಿಕೊಂಡಿರುತ್ತದೆ. 1978ರಲ್ಲಿ ಸಿಂಗಪುರದ ಫೂ ಮತ್ತು ಸಂಗಡಿಗರು ಇದನ್ನು 'ಅಬ್ಡಾಮಿನಲ್ ಕಕೂನ್' ಎಂದು ಕರೆದರು. ಅವರು ಕಂಡವರೆಲ್ಲ ಹದಿಹರೆಯದ ಹುಡುಗಿಯರು. ಮುಟ್ಟಿನ ರಕ್ತ ಹಿಮ್ಮುಖವಾಗಿ ಹೊಟ್ಟೆಗೆ ಇಳಿದದ್ದೇ ಕಾರಣವಿರಬೇಕೆಂಬ ವಾದ ಹುಟ್ಟಿತು. ಗಂಡಸರಲ್ಲೂ ಕಂಡ ಮೇಲೆ ಅದು ಸೊರಗಿತು. ಪ್ರಾಕ್ಟೊಲಾಲ್ ಎಂಬ ಹೃದಯದ ಮಾತ್ರೆಯೂ ಇಂಥ ಪೊರೆ ಕಟ್ಟಿಸಿದ್ದುಂಟು. ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಕೇರಳ ಸರ್ಕಾರ ಉಚಿತ ನೆರವು ಕೊಡುತ್ತಿದೆ, ಒಳ್ಳೆಯದೇ. ಆದರೆ ಬಹಳ ವರ್ಷ ಈ ಡಯಾಲಿಸಿಸ್‌ನಲ್ಲಿದ್ದ ಕೆಲವರಿಗೆ ಈ ಪೊರೆ ಬರುವುದರಿಂದ ಅವರ ಹೊಟ್ಟೆನೋವನ್ನು ಅಸಿಡಿಟಿ ಎಂದು ತಳ್ಳಿಹಾಕುವಂತಿಲ್ಲ.

ಹೊಟ್ಟೆ ತೆರೆದ ಮೇಲಷ್ಟೇ ತಿಳಿಯುತ್ತಿದ್ದ ಕಾಲ ಹೋಯಿತು. ಕೊಯಮತ್ತೂರಿನ ವೈದ್ಯರು 2003ರಲ್ಲೇ ಅಲ್ಟ್ರಾಸೌಂಡಿನಲ್ಲಿ ಇದು ಹೇಗೆ ಕಾಣುತ್ತದೆಂದು ಬರೆದಿದ್ದಾರೆ. ನನ್ನ ಮೆಚ್ಚು ಮಾತ್ರ ಸಿ.ಟಿ.ಯೇ. ಗುಂಪುಗೂಡಿದ ಕರುಳಿನ ಸುತ್ತ ತೆಳ್ಳನೆಯ ಗೆರೆಯೊಂದು ಓಡುತ್ತದೆ, ಅಷ್ಟೇ. ಅವಸರದ ಕಣ್ಣಿಗೆ ಅದು ದಕ್ಕುವುದಿಲ್ಲ.

ಚಿಕಿತ್ಸೆ ಶುರುವಾಗುವುದು ಮೂಗಿನ ಕೊಳವೆ, ಗ್ಲೂಕೋಸ್, ಉಪ್ಪಿನ ದ್ರವದಿಂದ. ಅದಕ್ಕೆ ಬಗ್ಗದಿದ್ದರೆ ಆಪರೇಷನ್. ಪೊರೆಯನ್ನು ಒಂದು ಕಡೆ ಸೀಳಿ, ಸುರುಳಿ ಸುರುಳಿಯ ನಡುವೆ ಬೆರಳಾಡಿಸಿ, ಕರುಳಿನ ಗೋಡೆ ಹರಿಯದಂತೆ ಬಿಡಿಸುತ್ತಾ ಹೋಗಬೇಕು. ಗಂಟೆಗಟ್ಟಲೆ ಹಿಡಿಯಬಹುದು. ಸತ್ತ ಭಾಗವಿಲ್ಲದಿದ್ದರೆ ಕರುಳು ಕತ್ತರಿಸುವ ಪ್ರಮೇಯವಿಲ್ಲ. ಕತ್ತರಿಸಿದರೆ ಹೊಲಿಗೆ ಸೋರುವ ಭಯ ಬೇರೆ. ಬಿಡಿಸಿದ ಪೊರೆಯ ತುಣುಕು ಪೆಥಾಲಜಿಗೆ ಹೋಗಲೇಬೇಕು. ಅಲ್ಲಿ ಕ್ಷಯ ಕಂಡರೆ ಆರು ತಿಂಗಳ ಮಾತ್ರೆ ಆಮೇಲೆ ಶುರುವಾಗುತ್ತದೆ.