ಔಷಧದ ಅರಸು, ಕೋಶದ ಬಾಗಿಲು

ಚೀನೀಯರ ‘ಚಿ’ ಎಂಬ ಪ್ರಾಣಶಕ್ತಿಗೂ ಜೀವಕೋಶದ ಮೈಟೋಕಾಂಡ್ರಿಯಕ್ಕೂ ಉಂಟೆಂದು ಹೇಳಲಾಗುವ ನಂಟನ್ನು ಈ ವಾರ ವಿಚಾರಿಸುವೆನೆಂದು ಮಾತು ಕೊಟ್ಟಿದ್ದೆ. ಆದರೆ ಮೈಟೋಕಾಂಡ್ರಿಯ ತಯಾರಿಸುವ ಶಕ್ತಿವಾಹಕ ಅಣುವನ್ನು ಹಿಡಿದು ‘ಚಿ ಎಂದರೆ ಎ.ಟಿ.ಪಿ.’ ಎಂದು ಸಮೀಕರಣ ಬರೆದು ಕೈತೊಳೆದುಕೊಳ್ಳುವ ಪಂಡಿತವರ್ಗದೊಡನೆ ವಾದಕ್ಕಿಳಿದರೆ ಗೆದ್ದರೂ ಲಾಭವಿಲ್ಲ. ಎ.ಟಿ.ಪಿ.ಯನ್ನು ಅಳೆಯಬಹುದು; ಆದರೆ ಅಳತೆ ಹೊಂದದಿದ್ದಾಗ ತಮ್ಮ ಮತವನ್ನು ಬಿಟ್ಟುಕೊಟ್ಟವರನ್ನು ಆ ವರ್ಗದಲ್ಲಿ ನಾನು ಕಂಡಿಲ್ಲ.

ಹಳೆಯ ತತ್ತ್ವವನ್ನು ಹೊಸ ಅಣುವಿಗೆ ಅಂಟಿಸುವ ಈ ಚಾಪಲ್ಯ ದೊಡ್ಡವರನ್ನೂ ಬಿಟ್ಟಿಲ್ಲ. 1970ರ ದಶಕದಲ್ಲಿ ಅಮೆರಿಕದ ನೆಲ್ಸನ್ ಗೋಲ್ಡ್‌ಬರ್ಗ್ ಮತ್ತು ಅವರ ಸಂಗಡಿಗರು, ಕೋಶದೊಳಗೆ ಸಂದೇಶವನ್ನೊಯ್ಯುವ ಸೈಕ್ಲಿಕ್ ಎ.ಎಂ.ಪಿ., ಸೈಕ್ಲಿಕ್ ಜಿ.ಎಂ.ಪಿ. ಎಂಬ ಎರಡು ಅಣುಗಳು ಪರಸ್ಪರ ವಿರುದ್ಧವಾಗಿ ವರ್ತಿಸುವುದನ್ನು ಕಂಡು, ತಮ್ಮ ಸಿದ್ಧಾಂತಕ್ಕೆ ಚೀನೀ ತತ್ತ್ವದ ಎದುರುಬದುರು ಶಕ್ತಿಗಳಾದ ಯಿನ್–ಯಾಂಗ್ ಎಂದೇ ಹೆಸರಿಟ್ಟರು. ಸೊಗಸಾದ ಊಹೆ, ಆದರೆ ರಕ್ತನಾಳದ ಸ್ನಾಯುವಿನಲ್ಲಿ ಇವೆರಡೂ ಮಾಡುವುದು ನಾಳವನ್ನು ಸಡಿಲಿಸುವ ಒಂದೇ ಕೆಲಸ. ಸವತಿಯರೆಂದು ಬಗೆದವರು ಒಂದೇ ಒಲೆಯ ಮುಂದೆ ಕುಳಿತು ಅಡಿಗೆ ಮಾಡುತ್ತಿದ್ದರು!

ಇರಲಿ. ಚೀನೀ ವೈದ್ಯದಲ್ಲಿಯೇ ಇದಕ್ಕಿಂತ ರುಚಿಯಾದ ವಿಷಯವೊಂದು ನೆನಪಾಗುತ್ತಿದೆ. ಚೀನೀ ಪುರಾಣದ ಅರಸ ಶೆನ್‌ನೋಂಗನ ಹೆಸರಿನಲ್ಲಿ ಬಂದಿರುವ ಪ್ರಾಚೀನ ದ್ರವ್ಯಗ್ರಂಥವು 365 ಔಷಧದ್ರವ್ಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ನಿರಪಾಯವಾಗಿ ಆಯುಸ್ಸನ್ನು ವರ್ಧಿಸುವ ಮೇಲ್ದರ್ಜೆಯವಕ್ಕೆ ಅರಸುಪಟ್ಟ ಕಟ್ಟಿತು. ನನಗೆ ಬಹು ಪ್ರಿಯವಾದ ‘ಹ್ವಾಂಗ್‌ದಿ ನೈಚಿಂಗ್’ ಎಂಬ ಪ್ರಾಚೀನ ವೈದ್ಯಗ್ರಂಥ ಇದನ್ನೊಪ್ಪದು. ಅದರ ‘ಸುವೆನ್’ ಭಾಗದ ಅಭಿಪ್ರಾಯವೇನೆಂದರೆ, ರೋಗಕ್ಕೆ ಎದುರು ನಿಲ್ಲುವುದೇ ಅರಸು, ಅರಸಿಗೆ ಒತ್ತಾಸೆಯಾಗುವುದು ಮಂತ್ರಿ, ಮಂತ್ರಿಗೆ ಓಗೊಡುವುದು ದೂತ. ದ್ರವ್ಯಗಳ ಮೂರು ದರ್ಜೆಗಳಿಗೂ ಈ ಪದವಿಗಳಿಗೂ ಸಂಬಂಧವಿಲ್ಲ. ಎಷ್ಟು ನಿರ್ದಾಕ್ಷಿಣ್ಯವಾದ ರಾಜನೀತಿ!

ಈಗ ಮನಃಶಿಲೆಯನ್ನು ನೋಡಿ. ನಮ್ಮ ರಸವೈದ್ಯರಿಗೂ ಪರಿಚಿತವಾದ, ಆರ್ಸೆನಿಕ್ಕುಳ್ಳ ಈ ಕೆಂಪು ಪಾಷಾಣ ಶೆನ್‌ನೋಂಗನ ಗ್ರಂಥದಲ್ಲಿ ಬರಿಯ ಮಧ್ಯಮದರ್ಜೆಯದು. ಚೀನೀ ವೈದ್ಯರು ಇದರೊಡನೆ ಗಿಡದಿಂದ ತೆಗೆದ ನೀಲಿಯನ್ನೂ ದಾನ್‌ಶೆನ್ ಬೇರನ್ನೂ ತಾಯ್‌ಜಿಷೆನ್ ಬೇರನ್ನೂ ಕೂಡಿಸಿ, ಪ್ರೊಮೈಲೋಸಿಟಿಕ್ ಎಂಬ ರಕ್ತಕ್ಯಾನ್ಸರಿಗೆ ಗುಳಿಗೆ ಕಟ್ಟಿದರು. 15 ಮತ್ತು 17ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡುದರಿಂದ ಹುಟ್ಟಿದ ಒಂದು ಬೆರಕೆ ಪ್ರೋಟೀನು, ಬಿಳಿಯ ರಕ್ತಕಣಗಳು ಪ್ರಬುದ್ಧವಾಗದಂತೆ ತಡೆಯುವುದೇ ಈ ರೋಗದ ಮೂಲ. ಶಾಂಘೈನ ಚೆನ್ ಚೂ ಅವರ ತಂಡ 2008ರಲ್ಲಿ ಗುಳಿಗೆಯ ಮೂರು ಮುಖ್ಯಾಂಶಗಳನ್ನು ಬಿಡಿಬಿಡಿಯಾಗಿಯೂ ಕೂಡಿಸಿಯೂ ಇಲಿಗಳಲ್ಲಿಯೂ ಕೋಶಗಳಲ್ಲಿಯೂ ಪರೀಕ್ಷಿಸಿತು. ಆ ಬೆರಕೆ ಪ್ರೋಟೀನನ್ನು ನಾಶಕ್ಕೆ ಗುರಿಮಾಡುವುದು ಮನಃಶಿಲೆಯ ಆರ್ಸೆನಿಕ್ಕು, ಅದೇ ಅರಸು. ನೀಲಿಯ ಇಂಡಿರುಬಿನ್ನೂ ದಾನ್‌ಶೆನ್ನಿನ ಟ್ಯಾನ್‌ಶಿನೋನೂ ಜೊತೆಗೂಡಿದಾಗಲಾದರೋ, ಕೋಶದ ಪೊರೆಯಲ್ಲಿನ ಅಕ್ವಾಗ್ಲಿಸರೋಪೋರಿನ್–9 ಎಂಬ ದ್ವಾರಗಳು ಹೆಚ್ಚಿ, ಆರ್ಸೆನಿಕ್ಕು ಅಧಿಕವಾಗಿ ಒಳಹೊಗುತ್ತದೆ. ಅರಸನಿಗೆ ಕೋಟೆಯ ಬಾಗಿಲು ತೆಗೆದುಕೊಟ್ಟವು ಸಹಾಯಕದ್ರವ್ಯಗಳೇ.

ಹಳೆಯ ಪರಿಕಲ್ಪನೆಗೆ ಹೊಸ ಶಾಸ್ತ್ರದ ವ್ಯಾಖ್ಯಾನವೆಂದರೆ ನಾನು ಒಪ್ಪುವುದು ಈ ಬಗೆಯದನ್ನು: ಒಂದನ್ನು ತೆಗೆದರೆ ಏನು ಕೆಡುತ್ತದೆಂಬುದನ್ನು ಇಲ್ಲಿ ತೋರಿಸಬಹುದು. ಆದರೂ ನನ್ನದೊಂದು ತಕರಾರುಂಟು. ಗುಳಿಗೆಯಲ್ಲಿದ್ದ ತಾಯ್‌ಜಿಷೆನ್ ಬೇರಿಗೆ ಪ್ರಯೋಗದ ಆ ಮೂರರ ಕೂಟದಲ್ಲಿ ಸ್ಥಾನ ದೊರೆಯಲಿಲ್ಲ. ಓಲಗಕ್ಕೆ ಕರೆಯದೆಯೇ ಅದು ನಿರುದ್ಯೋಗಿಯೆಂದು ತೀರ್ಮಾನಿಸುವುದು ಯಾವ ನ್ಯಾಯ?